ಮಳೆಗಾಲಕ್ಕೆ ದಾರಿ ಬಿಡದ ಒಡ್ಡು

ನಮ್ಮ ಕರಾವಳಿಯ ಕಟ್ಟಗಳು ವರ್ಷ ವರ್ಷವೂ ಕಟ್ಟಿ, ವರ್ಷ ವರ್ಷವೂ ಹೊಳೆಗೆ ಬಿಟ್ಟುಕೊಡುವಂಥವು. ತುಳಸಿಪೂಜೆ ಕಳೆದು ತೋಡಿನ ಹರಿವು ತಗ್ಗಿದ ಮೇಲೆ ಕಲ್ಲು, ಮಣ್ಣು, ಸೊಪ್ಪು, ಅಡಿಕೆ ಮರದ ಸೀಳುಗಳನ್ನು ಅಡ್ಡ ಹಾಕಿ ನೀರು ನಿಲ್ಲಿಸುವುದು. ಮೃಗಶಿರಾ ಮಳೆ ಹಿಡಿಯುವ ಹೊತ್ತಿಗೆ ಬಿಡಿಸುವುದು. ಬಿಡಿಸಲು ಮರೆತರೆ ಮೊದಲ ನೆರೆಯೇ ಬಂದು ಬಿಡಿಸಿಕೊಂಡು ಹೋಗುವುದು. ಬೈಲಿನ ಗದ್ದೆಗಳಲ್ಲಿ ಸುಗ್ಗಿ, ಕೊಳಕೆ ಬೆಳೆಗಳು ನಿಂತದ್ದು ಬಹುಮಟ್ಟಿಗೆ ಈ ನೀರಿನ ಮೇಲೆ. ಮಳೆಗಾಲದ ಹೊಳೆಯ ಎದುರು ನಿಲ್ಲುವ ಹಟ ಆ ಕಟ್ಟಕ್ಕೆ ಇರಲಿಲ್ಲ.

ಈಗ ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಒಳಭಾಗದಲ್ಲಿ ಬೇರೆ ಬಗೆಯ ಒಡ್ಡು ಕಾಣಸಿಗುತ್ತದೆ. ಹಡಿಲು ಬಿದ್ದ ನಾಲ್ಕು ಗದ್ದೆ, ಮೇಲ್ಬದಿಗೆ ಒಂದಿಷ್ಟು ಹಾಡಿ, ನಡುವೆ ಇಳಿದುಬರುವ ಚಿಕ್ಕ ತೋಡು. ಜಾಗದ ಯಜಮಾನರು ಬೆಂಗಳೂರಿನಲ್ಲೋ ಮುಂಬೈಯಲ್ಲೋ ಹೋಟೆಲು ನಡೆಸುವವರು, ಇಲ್ಲವೇ ಕೊಲ್ಲಿ ದೇಶದಿಂದ ಮರಳಿದವರು. ಬೇಸಾಯ ಅವರಿಂದ ಆಗದು, ಹಿರಿಯರ ಜಾಗ ಮಾರಲು ಮನಸ್ಸಿಲ್ಲ. ಜೆಸಿಬಿ ತರಿಸಿ ತೋಡಿಗೆ ಅಡ್ಡ ಮಣ್ಣಿನ ಒಡ್ಡು ಹಾಕಿಸಿ, ಹಿಂದೆ ನಿಂತ ನೀರನ್ನು ಹಕ್ಕಿಗಳಿಗೂ ಕಾಡುಪ್ರಾಣಿಗಳಿಗೂ ಬಿಟ್ಟುಬಿಡೋಣ ಎಂದು ಹೊರಡುತ್ತಾರೆ. ರೆಸಾರ್ಟು ಕಟ್ಟಬಹುದಿತ್ತು, ಮುರಕಲ್ಲಿನ ಕೋರೆಗೆ ಕೊಡಬಹುದಿತ್ತು, ಸೈಟು ಮಾಡಿ ಮಾರಬಹುದಿತ್ತು. ಅದೆಲ್ಲ ಬಿಟ್ಟು ನೀರುಕಾಗೆಗೂ ಹುಂಡುಕೋಳಿಗೂ ಜಾಗ ಕೊಡಲು ಬಂದವರನ್ನು ಮೂದಲಿಸುವ ಮನಸ್ಸು ನನಗಿಲ್ಲ. ಆದರೆ ಅವರು ಹಿಡಿದ ದಾರಿ ಈ ಮಳೆಗೆ, ಈ ಮಣ್ಣಿಗೆ, ಈ ಬೈಲಿಗೆ ಹೊಂದುವುದಿಲ್ಲ. ಕೊಳ ಬೇಕು, ತೋಡಿಗೆ ಅಡ್ಡವಾಗಿ ಬೇಡ. ಮತ್ತು ಕೊಳ ಮಾಡಿದವರು ಹಿಂದಿನವರು ಕೆರೆಗಾಗಿ ಹೊತ್ತಿದ್ದ ಹೊರೆಯನ್ನೂ ಹೊರಬೇಕು.

ಮೊದಲು ಮಳೆಯ ಲೆಕ್ಕ. ಉಡುಪಿ ಜಿಲ್ಲೆಗೆ ವರ್ಷಕ್ಕೆ 4,000 ಮಿ.ಮೀ. ಆಸುಪಾಸು ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆಸಾಡಿಯಲ್ಲಿ ದಿನಕ್ಕೆ 100 ಮಿ.ಮೀ. ಸುರಿದರೆ ಊರಲ್ಲಿ ಯಾರೂ ಅದನ್ನು ದೊಡ್ಡ ಸುದ್ದಿ ಮಾಡುವುದಿಲ್ಲ. ಅಷ್ಟು ಮಳೆ ಒಂದು ಎಕರೆಯ ಮೇಲೆ ಬಿದ್ದರೆ ನಾಲ್ಕು ಲಕ್ಷ ಲೀಟರ್ ನೀರು. ತೋಡಿಗೆ ನೀರು ಇಳಿಸುವ ಹಾಡಿ, ಹಕ್ಕಲು ಎಲ್ಲ ಸೇರಿ ಬರೀ ಹತ್ತು ಎಕರೆ ಎಂದಿಟ್ಟುಕೊಂಡರೂ ನಲವತ್ತು ಲಕ್ಷ ಲೀಟರ್. ನಮ್ಮ ಯಜಮಾನರ ಕೊಳ ಮೂವತ್ತು ಮೀಟರ್ ಉದ್ದ, ಇಪ್ಪತ್ತು ಮೀಟರ್ ಅಗಲ, ಎರಡು ಮೀಟರ್ ಆಳದ್ದಾದರೆ ಅದರಲ್ಲಿ ಹಿಡಿಯುವುದು ಹನ್ನೆರಡು ಲಕ್ಷ. ನೆಲ ಆಗಲೇ ನೀರು ಕುಡಿದು ತಣಿದಿರುವ ಆ ದಿನಗಳಲ್ಲಿ ಬಿದ್ದದ್ದರಲ್ಲಿ ಹೆಚ್ಚಿನ ಪಾಲು ಹರಿದೇ ಬರುತ್ತದೆ. ಅಂದರೆ ಒಂದು ಸಾಧಾರಣ ಮಳೆಯ ದಿನ ಆ ಕೊಳವನ್ನು ಎರಡು ಮೂರು ಸಲ ತುಂಬಿಸಿ ಚೆಲ್ಲಬಲ್ಲದು. ಸಾಧಾರಣವಲ್ಲದ ದಿನವೂ ಬರುತ್ತದೆ: 2020ರ ಸೆಪ್ಟೆಂಬರ್ 20ರಂದು, ಮಳೆ ಇನ್ನೇನು ಮುಗಿಯಿತು ಎನ್ನುವ ಹೊತ್ತಿಗೆ, ಜಿಲ್ಲೆಯ ಹಲವೆಡೆ ಒಂದೇ ದಿನ 300 ಮಿ.ಮೀ. ಮೀರಿ ಸುರಿದು ಉಡುಪಿ, ಬ್ರಹ್ಮಾವರದ ತಗ್ಗು ಜಾಗಗಳೆಲ್ಲ ಮುಳುಗಿದ್ದವು.

ಹಾಗಾಗಿ ಇಲ್ಲಿ ಒಡ್ಡಿನ ಗಟ್ಟಿತನ ಗೊತ್ತಾಗುವುದು ಅದು ಎಷ್ಟು ನೀರು ಹಿಡಿಯಿತು ಎಂಬುದರಲ್ಲಲ್ಲ, ಎಷ್ಟು ನೀರನ್ನು ತನಗೆ ತಾಗಿಸಿಕೊಳ್ಳದೆ ಹೊರಗೆ ಕಳಿಸಿತು ಎಂಬುದರಲ್ಲಿ. ಹಳೆಯ ಕೆರೆಗಳ ಕೋಡಿ ಅದಕ್ಕೇ ಅಷ್ಟು ಅಗಲ. ಒಡ್ಡಿನ ಪಕ್ಕದ ಗಟ್ಟಿ ನೆಲದಲ್ಲಿ, ಕಲ್ಲು ಹಾಸಿದ ಜಾಗದಲ್ಲಿ ಅದನ್ನು ಬಿಡುತ್ತಿದ್ದರು. ಜೆಸಿಬಿಯ ಬಾಡಿಗೆ ಗಂಟೆ ಲೆಕ್ಕದ್ದು, ಅದರಲ್ಲಿ ಕೋಡಿ ಬರುವುದಿಲ್ಲ. ಬಂದರೂ ಒಡ್ಡಿನ ಮೈಯೊಳಗೆ ಒಂದು ಆರಿಂಚಿನ ಪಿವಿಸಿ ಪೈಪು ತೂರಿಸಿ ಮುಗಿಸುತ್ತಾರೆ. ತರಗೆಲೆ ಬಂದು ಒಂದೇ ರಾತ್ರಿಯಲ್ಲಿ ಪೈಪಿನ ಬಾಯಿ ಮುಚ್ಚುತ್ತದೆ. ಮುಚ್ಚದಿದ್ದರೂ ಪೈಪಿನ ಹೊರಮೈ ಹಿಡಿದುಕೊಂಡು ನೀರು ತನ್ನದೇ ದಾರಿ ಮಾಡಿಕೊಳ್ಳುತ್ತದೆ, ಏಕೆಂದರೆ ಪೈಪಿನ ಸುತ್ತ ಮಣ್ಣನ್ನು ಯಾರೂ ಗುಮ್ಮಿ ಕೂರಿಸಿರುವುದಿಲ್ಲ.

ಇನ್ನು ಆ ಮಣ್ಣು. ನಮ್ಮ ನೆಲದಲ್ಲಿ ಮೇಲೆ ಮುರಕಲ್ಲು, ಅದರಡಿಗೆ ಶೇಡಿ. ಬಿಳಿ, ನಸುಗೆಂಪು, ಹಳದಿ ಬಣ್ಣಗಳಲ್ಲಿ ಸಿಗುವ ಈ ಮಣ್ಣು ಬೇಸಿಗೆಯಲ್ಲಿ ಪಿಕಾಸಿಗೆ ಗಟ್ಟಿಯಾಗಿಯೇ ತಾಗುತ್ತದೆ, ಕೈಯಲ್ಲಿ ತಿಕ್ಕಿದರೆ ಸೀಮೆಸುಣ್ಣದಂತೆ ಪುಡಿಯಾಗುತ್ತದೆ. ನೀರು ಕುಡಿದರೆ ಬಲವೆಲ್ಲ ಇಳಿದುಹೋಗಿ ಹರಿಯತೊಡಗುತ್ತದೆ. ಗುಡ್ಡ ಕಡಿದ ಕಡೆಯೆಲ್ಲ ಮಳೆಗಾಲದಲ್ಲಿ ಧರೆ ಜರಿಯುವುದರಲ್ಲಿ ಇದರ ಪಾಲು ದೊಡ್ಡದು. ಸುರತ್ಕಲ್ಲಿನ ಎನ್‌ಐಟಿಕೆಯವರು ಈ ಮಣ್ಣನ್ನು ಸುಣ್ಣ, ಸಿಮೆಂಟು ಬೆರೆಸಿ ಗಟ್ಟಿ ಮಾಡುವುದು ಹೇಗೆಂದು ವರ್ಷಗಟ್ಟಲೆ ಪರೀಕ್ಷೆ ಮಾಡುತ್ತ ಬಂದಿರುವುದು ಸುಮ್ಮನೆ ಅಲ್ಲ. ಜೆಸಿಬಿ ಮಾಡುವುದೇನು? ಹೊಂಡ ತೋಡುವಾಗ ಮುರಕಲ್ಲಿನ ಪದರ ಒಡೆದು ಶೇಡಿಗೆ ಇಳಿಯುತ್ತದೆ, ಬಗೆದ ಶೇಡಿಯನ್ನೇ ತಂದು ತೋಡಿಗೆ ಅಡ್ಡ ಸುರಿಯುತ್ತದೆ. ಆರಾರು ಇಂಚಿನ ಪದರ ಹಾಕಿ, ನೀರು ಚಿಮುಕಿಸಿ, ಗುಮ್ಮಿ ಏರಿಸಬೇಕಾದ ಒಡ್ಡು ಒಂದೇ ದಿನದಲ್ಲಿ ರಾಶಿಯಾಗಿ ನಿಲ್ಲುತ್ತದೆ. ಮೇಲೆ ಚೈನಿನ ಯಂತ್ರ ಎರಡು ಸಲ ಓಡಾಡಿದರೆ ಗಟ್ಟಿಯಾಯಿತು ಎಂದು ಲೆಕ್ಕ.

ಇಂಥ ಒಡ್ಡು ಹೇಗೆ ಹೋಗುತ್ತದೆ ಎಂಬುದನ್ನು ಅದರ ಬುಡದಲ್ಲಿ ಕೂತು ನೋಡಬೇಕು. ಒಸರು ಎಲ್ಲ ಮಣ್ಣಿನ ಒಡ್ಡಿಗೂ ಇರುತ್ತದೆ, ಅದರಿಂದ ಹೆದರಬೇಕಾಗಿಲ್ಲ. ಒಸರಿದ ನೀರನ್ನು ಬೊಗಸೆಯಲ್ಲಿ ಹಿಡಿದರೆ ತಿಳಿಯಾಗಿದ್ದರೆ ಒಡ್ಡು ಬದುಕಿದೆ. ಅದೇ ನೀರು ಕದಡಿ ಬಂದರೆ, ತಳದಲ್ಲಿ ಸಣ್ಣ ಮರಳು ಕೂತರೆ, ಒಡ್ಡು ಒಳಗಿನಿಂದ ಕರಗಿ ಹೊರಗೆ ಬರುತ್ತಿದೆ ಎಂದರ್ಥ. ಹುಲ್ಲಿನ ಬುಡದಲ್ಲಿ ಬೆರಳು ತೂರುವಷ್ಟು ಬಾಯಿ ತೆರೆದುಕೊಂಡಿರುತ್ತದೆ. ಏಡಿ ತೋಡಿದ ಬಿಲವೋ, ಹೆಗ್ಗಣದ್ದೋ, ಕೊಳೆತುಹೋದ ತೆಂಗಿನ ಬೇರಿನ ಜಾಗವೋ ಏನೋ ಒಂದು. ನೀರಿಗೆ ಅಷ್ಟೇ ಸಾಕು. ಆ ಬಾಯಿಯನ್ನು ಹೊರಗಿನಿಂದ ಮಣ್ಣು ಮೆತ್ತಿ ಮುಚ್ಚುವವರಿದ್ದಾರೆ. ನೀರು ಇನ್ನೊಂದು ಕಡೆ ಬಾಯಿ ತೆರೆಯುತ್ತದೆ.

ಏಡಿಯ ಮಾತು ಬಂದದ್ದರಿಂದ ಒಂದು ಪ್ರಸಂಗ. 2019ರ ಜುಲೈ 2ರ ರಾತ್ರಿ ರತ್ನಗಿರಿ ಜಿಲ್ಲೆಯ ಚಿಪ್ಳೂಣ್ ತಾಲೂಕಿನ ತಿವರೆ ಎಂಬಲ್ಲಿ ಮಣ್ಣಿನ ಅಣೆಕಟ್ಟು ಒಡೆಯಿತು. ಕೆಳಗಿನ ಮನೆಗಳು ಕೊಚ್ಚಿಹೋದವು, ಇಪ್ಪತ್ತರ ಆಸುಪಾಸು ಜನ ಸತ್ತರು. ಮಹಾರಾಷ್ಟ್ರದ ಆಗಿನ ಜಲಸಂರಕ್ಷಣಾ ಸಚಿವರು ಏಡಿಗಳು ಬಿಲ ತೋಡಿದ್ದರಿಂದ ಒಡೆಯಿತು ಎಂದುಬಿಟ್ಟರು. ದೇಶವೆಲ್ಲ ನಕ್ಕಿತು. ಒಸರುತ್ತಿದೆ ಎಂದು ಮೊದಲೇ ದೂರು ಕೊಟ್ಟಿದ್ದೆವು ಎಂದು ಊರವರು ಹೇಳಿದರು. ನಗಬೇಕಾದ್ದು ಏಡಿಯ ಮಾತಿಗಲ್ಲ ಎಂದು ನನಗೆ ಅನ್ನಿಸುತ್ತದೆ, ಏಡಿ ಬಿಲ ತೋಡುವುದು ನಿಜವೇ. ಏಡಿ ಇರುವ ಊರಿನಲ್ಲಿ ಒಡ್ಡು ಕಟ್ಟಿದವರು ಏಡಿಯನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕಿತ್ತು. ತಿವರೆಯದ್ದು ಸರಕಾರಿ ಅಣೆಕಟ್ಟು, ಬಲು ದೊಡ್ಡದು. ನಮ್ಮ ಯಜಮಾನರ ಕೊಳವನ್ನು ಅದರ ಪಕ್ಕ ಇಡುವುದು ಅತಿಯಾಯಿತು ಎನ್ನಬಹುದು. ಆದರೆ ಹನ್ನೆರಡು ಲಕ್ಷ ಲೀಟರ್ ಎಂದರೆ 1,200 ಟನ್ ತೂಕ. ಒಂದು ಬೈಲಿನ ನಾಟಿಯನ್ನು ಮಣ್ಣಿನಲ್ಲಿ ಹೂಳಲು, ತೋಡಿನ ದಂಡೆಯ ಒಂದು ಮನೆಯ ಗೋಡೆ ಬೀಳಿಸಲು ಅಷ್ಟು ಬೇಕಾದಷ್ಟಾಯಿತು.

ಇಲ್ಲಿಗೆ ಒಂದು ಹಳೆಯ ವ್ಯಾಜ್ಯ ಹೊಂದುತ್ತದೆ. 1860ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಲ್ಯಾಂಕಶೈರಿನಲ್ಲಿ ಜಾನ್ ರೈಲ್ಯಾಂಡ್ಸ್ ಎಂಬ ಗಿರಣಿ ಮಾಲೀಕರ ಹೊಸ ಜಲಾಶಯದ ನೀರು ತಳದಲ್ಲಿದ್ದ ಹಳೆಯ ಗಣಿಯ ಬಾಯಿಗಳ ಮೂಲಕ ಇಳಿದು, ಪಕ್ಕದ ಫ್ಲೆಚರ್ ಎಂಬವರ ಕಲ್ಲಿದ್ದಲು ಗಣಿಗೆ ನುಗ್ಗಿತು. ರೈಲ್ಯಾಂಡ್ಸ್ ತಮ್ಮ ಕೈಯಿಂದ ಏನೂ ತಪ್ಪು ಮಾಡಿರಲಿಲ್ಲ, ಕೆಲಸವನ್ನು ತಿಳಿದವರಿಗೇ ಒಪ್ಪಿಸಿದ್ದರು. ಆದರೂ 1868ರಲ್ಲಿ ಹೌಸ್ ಆಫ್ ಲಾರ್ಡ್ಸ್ ನಷ್ಟ ಅವರೇ ತುಂಬಬೇಕೆಂದಿತು. ತನ್ನ ಉಪಯೋಗಕ್ಕಾಗಿ, ಆ ಜಾಗದಲ್ಲಿ ಸಹಜವಾಗಿ ಇಲ್ಲದ ವಸ್ತುವನ್ನು ತಂದು ಕೂಡಿಹಾಕಿದವನು ಅದು ತಪ್ಪಿಸಿಕೊಂಡು ಮಾಡುವ ಹಾನಿಗೆ ಹೊಣೆ ಎಂಬ ನಿಯಮ ಅಲ್ಲಿಂದ ಹುಟ್ಟಿತು. ಕಾನೂನು ಓದಿದವರೆಲ್ಲ ಇದನ್ನು ಬಲ್ಲರು.

ಅದಾಗಿ ಆರೇ ವರ್ಷಕ್ಕೆ ಅದೇ ಪ್ರಶ್ನೆ ನಮ್ಮ ದೇಶದಿಂದ ಅಲ್ಲಿಗೆ ಹೋಯಿತು. ಮದ್ರಾಸ್ ಪ್ರಾಂತ್ಯದ ಕಾರ್ವೇಟಿನಗರ ಜಮೀನ್ದಾರಿಯ ಕೆರೆಗಳು ಜೋರು ಮಳೆಗೆ ಒಡೆದು ರೈಲು ಹಳಿ, ಸೇತುವೆಗಳು ಹಾಳಾದವು. ಮದ್ರಾಸ್ ರೈಲ್ವೆ ಕಂಪನಿ ಜಮೀನ್ದಾರರ ಮೇಲೆ ದಾವೆ ಹೂಡಿತು, ರೈಲ್ಯಾಂಡ್ಸ್ ತೀರ್ಪನ್ನೇ ಮುಂದಿಟ್ಟಿತು. 1874ರಲ್ಲಿ ಪ್ರಿವಿ ಕೌನ್ಸಿಲ್ ಒಪ್ಪಲಿಲ್ಲ. ಈ ಕೆರೆಗಳು ಯಾರೋ ಒಬ್ಬರು ತಮಗೆಂದು ಮಾಡಿಕೊಂಡವಲ್ಲ; ಹಿಂದಿನಿಂದ ಬಂದವು, ಊರಿಗೆಲ್ಲ ಅನ್ನ ಕೊಡುವಂಥವು. ಅವನ್ನು ಉಳಿಸಿಕೊಂಡು ಬರುವುದು ಜಮೀನ್ದಾರರ ಹಕ್ಕಲ್ಲ, ಕರ್ತವ್ಯ. ಅವರು ಅಜಾಗರೂಕತೆ ತೋರಿಸಿರದಿದ್ದರೆ ಹೊಣೆ ಹೊರಿಸಲಾಗದು ಎಂಬುದು ಆ ತೀರ್ಪಿನ ಸಾರ.

ಎರಡೂ ಕಡೆ ಹಾನಿ ಮಾಡಿದ್ದು ಕೂಡಿಟ್ಟ ನೀರೇ. ಕರ್ತವ್ಯವನ್ನು ಹೊತ್ತವನಿಗೆ ಸಿಕ್ಕ ರಿಯಾಯಿತಿ ತನಗೆಂದು ಕೂಡಿಹಾಕಿದವನಿಗೆ ಸಿಗಲಿಲ್ಲ. ಹಾಗಾದರೆ ಕೊಲ್ಲೂರಿನ ಕೆಳಗೆಲ್ಲೋ ಹಕ್ಕಿಗಳಿಗೆಂದು ಮಾಡಿದ ಖಾಸಗಿ ಕೊಳ ಯಾವ ಸಾಲಿಗೆ ಸೇರುತ್ತದೆ? ಅದರಿಂದ ಯಜಮಾನರಿಗೆ ಕಾಸಿನ ಲಾಭವಿಲ್ಲ, ಗಿರಣಿಯವರ ಸಾಲಿಗೆ ಸೇರಿಸಲು ಮನಸ್ಸು ಬಾರದು. ಕೆರೆಯ ಸಾಲಿಗೆ ಸೇರಿಸೋಣವೆಂದರೆ ಕೆರೆಗೆ ಹೂಳೆತ್ತುವ ವರ್ಷದ ಸರದಿ ಇತ್ತು, ಕೋಡಿ ನೋಡುವ ಜನ ಇದ್ದರು, ನೀರು ಬಿಡುವ ಲೆಕ್ಕವಿತ್ತು. ಒಳ್ಳೆಯ ಉದ್ದೇಶವೊಂದೇ ಸಾಕೆಂದು ವಾದಿಸುವವರು ರಿಯಾಯಿತಿಯನ್ನು ಮಾತ್ರ ಕೇಳುತ್ತಿದ್ದಾರೆ, ಅದರ ಜೊತೆಗಿರುವ ಕರ್ತವ್ಯವನ್ನು ಬೇಡವೆನ್ನುತ್ತಿದ್ದಾರೆ.

ಉಳಿದ ಕಾನೂನುಗಳು ಇಲ್ಲಿ ಹೆಚ್ಚು ಕೆಲಸಕ್ಕೆ ಬಾರವು. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಲೆಕ್ಕಕ್ಕೆ ಹಿಡಿಯುವುದು 15 ಮೀಟರಿಗಿಂತ ಎತ್ತರದ್ದನ್ನು, ಕೆಲವು ಷರತ್ತುಗಳೊಂದಿಗೆ 10 ಮೀಟರಿನ ಮೇಲಿನದ್ದನ್ನು. 2017ರ ಜೌಗುಭೂಮಿ ನಿಯಮಗಳು ಗದ್ದೆಯನ್ನೂ ನೀರಾವರಿಗೆಂದು ಮನುಷ್ಯರು ಕಟ್ಟಿದ ಕೆರೆಯನ್ನೂ ಹೊರಗಿಟ್ಟಿವೆ. (ನಮ್ಮ ಜಿಲ್ಲೆಯ ಬೆಳ್ಳಕ್ಕಿಗಳು ಹೊಟ್ಟೆ ಹೊರೆಯುವುದೆಲ್ಲ ಈ ಹೊರಗಿಟ್ಟ ಜಾಗದಲ್ಲೇ, ಇರಲಿ.) ಒಂದು ಕಾನೂನು ಮಾತ್ರ ನೇರವಾಗಿ ತಾಗುತ್ತದೆ. 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 67ನೇ ಕಲಮಿನ ಪ್ರಕಾರ ಹೊಳೆ, ಹಳ್ಳ, ತೊರೆ, ಹರಿಯುವ ನೀರು, ನಿಂತ ನೀರು, ಬೇರೆಯವರ ಸ್ವತ್ತೆಂದು ಸಾಬೀತಾಗದ ಹೊರತು, ಸರಕಾರದ್ದು. ಜಾಗದ ನಕ್ಷೆ ತೆಗೆಸಿದರೆ ಎರಡು ಗದ್ದೆಗಳ ನಡುವಿನ ತೋಡು ಹಲವು ಕಡೆ ಪರಂಬೋಕು ಎಂದೇ ಇರುತ್ತದೆ. ಎರಡೂ ದಂಡೆ ನಿಮ್ಮ ಹೆಸರಿನಲ್ಲಿದ್ದರೂ ನಡುವಿನ ನೀರು ನಿಮ್ಮ ಹೆಸರಿನಲ್ಲಿಲ್ಲ.

ಆ ನೀರಿಗೆ ಮನುಷ್ಯರಲ್ಲದ ಹಕ್ಕುದಾರರೂ ಇದ್ದಾರೆ. ಮೊದಲ ಮಳೆಗೆ ತೋಡು ಕೆಂಪಾಗಿ ಹರಿಯತೊಡಗಿದ ರಾತ್ರಿಯೇ ಹೊಳೆಯ ಮೀನು ಮೊಟ್ಟೆಯಿಡಲು ಪ್ರವಾಹಕ್ಕೆ ಎದುರಾಗಿ ಗದ್ದೆಗಳತ್ತ ಏರುತ್ತದೆ. ಮಲೆನಾಡಿನವರು ಹತ್ತುಮೀನು ಎನ್ನುತ್ತಾರೆ, ತುಳುವರು ಉಬರ್ ಎನ್ನುತ್ತಾರೆ. ಟಾರ್ಚು, ಕತ್ತಿ ಹಿಡಿದು ಬೈಲಿಗೆ ಇಳಿಯುವವರಿಗೆ ಹೆಸರು ಯಾವುದಾದರೂ ಒಂದೇ. ಮುಗುಡು ಮೀನಿಗೆ ಆ ನಾಲ್ಕಾರು ದಿನವೇ ವರ್ಷದ ಸಂತಾನದ ಹೊತ್ತು. ಹಳೆಯ ಕಟ್ಟ ಆ ವೇಳೆಗೆ ಸರಿಯಾಗಿ ಜಾಗ ಬಿಡುತ್ತಿತ್ತು. ಶಾಶ್ವತ ಒಡ್ಡು ಜೂನ್‌ನಲ್ಲೂ ಅಲ್ಲೇ ಇರುತ್ತದೆ. ಮೀನು ಅದರ ಬುಡಕ್ಕೆ ಬಂದು ಡಿಕ್ಕಿ ಹೊಡೆದು ನಿಲ್ಲುತ್ತದೆ. ಮೇಲಿನ ಕೊಳದಲ್ಲಿ ಮಿಂಚುಳ್ಳಿ ಕೂತದ್ದನ್ನು ಫೋಟೊ ತೆಗೆಯುತ್ತೇವೆ, ಕೆಳಗೆ ಮೀನಿನ ದಾರಿ ಕಟ್ಟಿದ್ದು ಫೋಟೊದಲ್ಲಿ ಬರುವುದಿಲ್ಲ. ತೋಡನ್ನೇ ಹಿಡಿದು ಓಡಾಡುವ ನೀರುನಾಯಿಗೂ ದಂಡೆಯ ಕೇದಗೆಯ ಪೊದೆ ಮುಳುಗಿಹೋದರೆ ಅಡಗಲು ಜಾಗವಿಲ್ಲ. ವನ್ಯಜೀವಿಗಳ ಹೆಸರಿನಲ್ಲಿ ಮಾಡಿದ ಕೆಲಸಕ್ಕೆ ವನ್ಯಜೀವಿಗಳ ಲೆಕ್ಕದಲ್ಲೇ ನಷ್ಟ.

ಕಟ್ಟದ ಪಾಠ ಅಷ್ಟಕ್ಕೇ ಮುಗಿಯುವುದಿಲ್ಲ. ಕಾಸರಗೋಡಿನ ಏತಡ್ಕದ ಸುತ್ತ ಒಂದೇ ತೋಡಿಗೆ ಸಾಲಾಗಿ ಕಟ್ಟಗಳನ್ನು ಹಾಕುವ ಪದ್ಧತಿಯ ಬಗ್ಗೆ ಶ್ರೀಪಡ್ರೆಯವರು ‘ಅಡಿಕೆ ಪತ್ರಿಕೆ’ಯಲ್ಲೂ ಹೊರಗೂ ಬಹಳ ಬರೆದಿದ್ದಾರೆ. ಕೆಳಗಿನ ಕಟ್ಟದ ನೀರು ಮೇಲಿನ ಕಟ್ಟದ ಬುಡದ ತನಕ ನಿಲ್ಲುತ್ತದೆ. ಮೇಲಿನದ್ದರಿಂದ ಒಸರಿದ್ದು ಕೆಳಗಿನವನಿಗೆ ಸಿಗುತ್ತದೆ. ಒಬ್ಬನೇ ಕಟ್ಟಿದರೆ ಅವನ ನೀರು ಬೇಗ ಇಳಿದುಹೋಗುತ್ತದೆ, ಎಲ್ಲರೂ ಕಟ್ಟಿದರೆ ಇಡೀ ಕಣಿವೆಯ ಬಾವಿಗಳು ಏಪ್ರಿಲ್‌ನಲ್ಲೂ ತುಂಬಿರುತ್ತವೆ. ಅಂದರೆ ನೆರೆಯವನು ಕಟ್ಟುವುದು ನಿನಗೆ ಲಾಭ. ಕರಾವಳಿಯ ಜಲಸಂಗ್ರಹಣೆಯಲ್ಲಿ ಇದಕ್ಕಿಂತ ಜಾಣತನದ ಏರ್ಪಾಡನ್ನು ನಾನು ಕಂಡಿಲ್ಲ. ಅದು ಹಾಳಾದದ್ದು ಬೋರ್‌ವೆಲ್ ಬಂದ ಮೇಲೆ. ಬೋರ್‌ವೆಲ್‌ಗೆ ನೆರೆಯವನು ಬೇಕಾಗಿಲ್ಲ.

ಸರಕಾರ ಇದಕ್ಕೆ ಬದಲಾಗಿ ಕೊಟ್ಟದ್ದು ಕಿಂಡಿ ಅಣೆಕಟ್ಟು. ಅದರ ಮೂಲ ವಿಚಾರ ಕಟ್ಟದ್ದೇ: ಬೇಸಿಗೆಗೆ ಹಲಗೆ ಹಾಕು, ಮಳೆಗಾಲಕ್ಕೆ ತೆಗೆ. ಸಮುದ್ರದ ಹತ್ತಿರ ಉಪ್ಪುನೀರು ಮೇಲೇರದಂತೆಯೂ ತಡೆಯುತ್ತದೆ. ಕಾಂಕ್ರೀಟಿನ ಕೆಲಸ ಹೇಗೂ ಮುಗಿಯುತ್ತದೆ. ಹಲಗೆ ಹಾಕುವ ಹೊತ್ತಿಗೆ ಹಲಗೆ ಇರುವುದಿಲ್ಲ, ಇದ್ದರೆ ಹಾಕುವವರಿರುವುದಿಲ್ಲ ಎಂಬ ದೂರು ಪ್ರತಿ ಡಿಸೆಂಬರಿನಲ್ಲೂ ಪತ್ರಿಕೆಗಳಲ್ಲಿ ಬರುತ್ತದೆ. ದೊಡ್ಡ ಯೋಜನೆಗಳ ಕತೆಯಂತೂ ಬೇಡ: ವಾರಾಹಿ ನೀರಾವರಿ 1979ರಲ್ಲಿ ಶುರುವಾಗಿ, ಕಾಲುವೆಯಲ್ಲಿ ನೀರು ಕಾಣಲು ಮೂರು ದಶಕಗಳ ಮೇಲಾಯಿತು. ಆದ್ದರಿಂದ, “ಸರಕಾರ ಮಾಡದ್ದನ್ನು ನಾನು ನನ್ನ ದುಡ್ಡಿನಲ್ಲಿ ಮಾಡಿದರೆ ತಪ್ಪೇನು” ಎಂದು ಜಾಗದ ಯಜಮಾನರು ಕೇಳಿದರೆ ಆ ಸಿಟ್ಟು ನನಗೆ ಅರ್ಥವಾಗುತ್ತದೆ.

ಮಾಡಿ, ಆದರೆ ಹಳೆಯ ಮದಗಗಳನ್ನು ಒಮ್ಮೆ ನೋಡಿ ಮಾಡಿ. ಈ ಮೂರು ತಾಲೂಕುಗಳಲ್ಲಿ ಮದಗವಿಲ್ಲದ ಊರು ಅಪರೂಪ, ಹೂಳು ತುಂಬಿ ಹೆಸರಷ್ಟೇ ಉಳಿದವೇ ಹೆಚ್ಚು. ನಾನು ಕಂಡ ಮದಗಗಳಲ್ಲಿ ಹಲವು ಹರಿಯುವ ತೋಡನ್ನು ತಡೆದಿಲ್ಲ. ಗದ್ದೆಗಳ ಮೇಲ್ಬದಿಯ ತಗ್ಗಿನಲ್ಲಿ, ಹಾಡಿಯಿಂದ ಜಾರಿ ಬರುವ ಮಳೆನೀರನ್ನು ಅಷ್ಟಕ್ಕಷ್ಟೇ ಹಿಡಿದು, ಹೆಚ್ಚಾದದ್ದನ್ನು ಒಂದು ಬದಿಯಿಂದ ಬಿಡುತ್ತವೆ. ಒಡ್ಡು ಆಳೆತ್ತರ ದಾಟುವುದಿಲ್ಲ, ಅಗಲ ಎತ್ತರದ ಎಷ್ಟೋ ಪಟ್ಟು. ಖಾಸಗಿ ವನ್ಯಜೀವಿ ಕೊಳಕ್ಕೆ ಇದೇ ಮಾದರಿ. ತೋಡಿನ ಬದಿಗೆ ತಗ್ಗು ಮಾಡಿ ಮಳೆನೀರು ಇಳಿಸಿ, ತೋಡನ್ನು ಅದರ ಪಾಡಿಗೆ ಬಿಡಿ. ನೆಲ ಬಗೆದು ತಗ್ಗು ಮಾಡಿದಷ್ಟೂ ಒಡ್ಡಿನ ಮೇಲೆ ಬೀಳುವ ಭಾರ ಕಡಿಮೆ. ಒಡ್ಡಿನ ಮೇಲೆ ತೆಂಗು, ಮಾವು ಬೇಡ, ಲಾವಂಚ ಸಾಕು.

ಇದಕ್ಕೆ ಕೂಡಲೇ ಬರುವ ಆಕ್ಷೇಪ, ಹಾಗೆ ಮಾಡಿದರೆ ಫೆಬ್ರವರಿಗೇ ನೀರು ಬತ್ತುತ್ತದಲ್ಲ ಎಂಬುದು. ಬತ್ತುತ್ತದೆ. ಮುರಕಲ್ಲು ನೀರು ಹಿಡಿಯುವ ಜಾತಿಯದ್ದಲ್ಲ. ಇಂಗಿದ್ದು ಕೆಳಗಿನ ಮನೆಗಳ ಬಾವಿಯಲ್ಲಿ ಎದ್ದುಬರುತ್ತದೆ. ಬತ್ತಬಾರದೆಂದು ಆಳ ಹೆಚ್ಚಿಸಿ ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡಗಳನ್ನು ನೋಡಿ: ಬಿದ್ದ ಪ್ರಾಣಿ ಜಾರುವ ಗೋಡೆ ಹತ್ತಲಾಗದೆ ಸಾಯುತ್ತದೆ, ಮಕ್ಕಳು ಬಿದ್ದು ಸತ್ತ ಸುದ್ದಿಯೂ ರಾಜ್ಯದ ಒಂದಲ್ಲ ಒಂದು ಮೂಲೆಯಿಂದ ಬರುತ್ತಿರುತ್ತದೆ. ಬತ್ತುವುದು ಕೊಳದ ದೋಷವೆಂಬ ನಂಬಿಕೆಯನ್ನೇ ಬಿಡಬೇಕಾಗಿದೆ. ಕಪ್ಪೆಗಳನ್ನು ಕೇಳಿದರೆ ಬತ್ತುವ ಕೊಳವೇ ವಾಸಿ. ವರ್ಷವಿಡೀ ನೀರಿದ್ದರೆ ಮೀನಿರುತ್ತದೆ, ಮೀನು ಗೊದಮೊಟ್ಟೆಗಳನ್ನು ಉಳಿಸುವುದಿಲ್ಲ. 2016ರಲ್ಲಿ ಮಣಿಪಾಲದ ಸುತ್ತಮುತ್ತಲ ಮುರಕಲ್ಲಿನ ಬಯಲಿನಿಂದ ವಿಜ್ಞಾನಕ್ಕೆ ಹೊಸದೊಂದು ಕಪ್ಪೆ ಸಿಕ್ಕಿತು. ಮೈಕ್ರೊಹೈಲಾ ಲ್ಯಾಟರೈಟ್ ಎಂದು ಹೆಸರಿಟ್ಟರು. ಮುರಕಲ್ಲಿನ ಹೆಸರೇ ಅದಕ್ಕೆ ಬಂತು. ಒಂದೂವರೆ ಸೆಂಟಿಮೀಟರಿನ ಆಸುಪಾಸಿನ ಜೀವ, ಹೆಬ್ಬೆರಳ ಉಗುರಿನ ಮೇಲೆ ಕೂರಬಹುದು. ಸರಕಾರಿ ಲೆಕ್ಕದಲ್ಲಿ ಪಾಳು ಎಂದು ಬರೆದ ನೆಲದಲ್ಲಿ, ಮಳೆಗಾಲಕ್ಕೆ ಮಾತ್ರ ನೀರು ನಿಲ್ಲುವ ಜಾಗದಲ್ಲಿ ಅದರ ಸಂಸಾರ. ಆ ಹಕ್ಕಲನ್ನು ಅಗೆದು ಆಳದ ಕೊಳ ಮಾಡಿ ಮೀನುಮರಿ ಬಿಟ್ಟರೆ, ನಾವು ಹೆಸರೇ ಕೇಳಿರದ ಒಂದು ವನ್ಯಜೀವಿಯನ್ನು ಓಡಿಸಿ, ಹೆಸರು ಗೊತ್ತಿರುವ ಎರಡನ್ನು ಕರೆದಂತಾಗುತ್ತದೆ. ಮೀನುಮರಿಯ ಜೊತೆ ದೇಶದಲ್ಲಿ ನಿಷೇಧವಿರುವ ಆಫ್ರಿಕನ್ ಕ್ಯಾಟ್‌ಫಿಶ್ ಬಂದುಬಿಟ್ಟರಂತೂ ಕೊಳದಲ್ಲಿ ಬೇರೇನೂ ಉಳಿಯುವುದಿಲ್ಲ.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಒಂದು ತಕರಾರು ಉಳಿಯುತ್ತದೆ. ನನಗೆ ಅತ್ಯಂತ ಕಷ್ಟದ್ದು ಅದೇ. “ಹಂದಿ ನಿಮ್ಮ್ ಕೆರಿಗ್ ಬತ್ತ್, ತಿಂಬುದ್ ನಮ್ಮ್ ಗದ್ದಿ ಕಾಣಿ ಮರಾಯ್ರೆ” ಎಂದು ಪಕ್ಕದ ಗದ್ದೆಯವರು ಹೇಳಿದರೆ ಅದಕ್ಕೆ ಉತ್ತರವೇನು? ಮೂಕಾಂಬಿಕಾ ಅಭಯಾರಣ್ಯದ ಅಂಚಿನ ಹಳ್ಳಿಗಳಲ್ಲಿ ಹಂದಿ, ಕಾಡುಕೋಣ, ಮಂಗ, ಮುಳ್ಳುಹಂದಿಯ ಕಾಟದಿಂದಲೇ ಗದ್ದೆ ಹಡಿಲು ಬಿಟ್ಟವರಿದ್ದಾರೆ. ಅಭಯಾರಣ್ಯದಿಂದ ದೂರದ ಬ್ರಹ್ಮಾವರದ ಬೈಲುಗಳಲ್ಲಿ ನವಿಲು ಬಿತ್ತಿದ್ದನ್ನು ಉಳಿಸುವುದಿಲ್ಲ. ಕಾಡಿನಲ್ಲಿ ನೀರಿಲ್ಲದ್ದರಿಂದ ಅವು ಊರಿಗೆ ಬರುತ್ತವೆ, ಕೊಳ ಮಾಡಿದರೆ ಬರುವುದು ನಿಲ್ಲುತ್ತದೆ ಎಂದು ಕೆಲವರು ಹೇಳುತ್ತಾರೆ. ಕೊಳ ಇರುವುದೇ ಊರ ನಡುವೆ ಆದ್ದರಿಂದ ಈ ಮಾತು ನಿಲ್ಲುವುದಿಲ್ಲ. ಸುತ್ತ ಹತ್ತು ವರ್ಷದ ಲಂಟಾನ, ನಡುವೆ ಏಪ್ರಿಲ್‌ವರೆಗೂ ನೀರು ಎಂದರೆ ಹಂದಿಗೆ ಹಗಲು ಮಲಗಲು ಮನೆ ಕಟ್ಟಿಕೊಟ್ಟಂತೆಯೇ. ರಾತ್ರಿ ಊಟ ನೆರೆಯವರ ಖರ್ಚಿನಲ್ಲಿ.

ಫೆಬ್ರವರಿಗೆ ಬತ್ತುವ, ಬದಿಗಳು ಬಯಲಾಗಿರುವ ಆಳವಿಲ್ಲದ ಕೊಳಕ್ಕೆ ಇಲ್ಲಿ ಇನ್ನೊಂದು ಸಮರ್ಥನೆ ಸಿಗುತ್ತದೆ. ಕಪ್ಪೆ, ಏರೋಪ್ಲೇನ್ ಚಿಟ್ಟೆ, ಹುಂಡುಕೋಳಿಗಳಿಗೆ ಅಷ್ಟು ಸಾಕು; ಹಂದಿಯ ಹಿಂಡಿಗೆ ನೆಲೆಯೂರಲು ಸಾಲದು. ವನ್ಯಜೀವಿ ಎಂದಾಕ್ಷಣ ನಾಲ್ಕು ಕಾಲಿನ ದೊಡ್ಡದನ್ನೇ ನೆನೆಯುವ ನಮ್ಮ ಅಭ್ಯಾಸ ಕೊಳದ ಆಳವನ್ನೂ ಒಡ್ಡಿನ ಎತ್ತರವನ್ನೂ ಸುಮ್ಮನೆ ಹೆಚ್ಚಿಸಿದೆ. ಆದರೂ ನೆರೆಯವರ ಮಾತಿಗೆ ಇದು ಅರ್ಧ ಉತ್ತರ ಮಾತ್ರ. ಉಳಿದರ್ಧ ದುಡ್ಡಿನದ್ದು: ನೆರೆಯ ಗದ್ದೆಗೆ ಸೋಲಾರ್ ಬೇಲಿ ಹಾಕುವ ಖರ್ಚಿನಲ್ಲಿ ಪಾಲು ಕೊಡಬೇಕು, ಕೊಳಕ್ಕೆ ಮೊದಲು ಕೊಡಬೇಕು. ಅವರ ಒಪ್ಪಿಗೆಯನ್ನು ಬಾಯಿಮಾತಿಗೆ ಬಿಡದೆ ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳುವುದು ಇಬ್ಬರಿಗೂ ಕ್ಷೇಮ. ಜಾಗ ಕೈಬದಲಾದಾಗ ಬಾಯಿಮಾತು ಉಳಿಯುವುದಿಲ್ಲ. ಪಂಚಾಯತಿಯಲ್ಲಿ ಊರಿನ ಖಾಸಗಿ ಒಡ್ಡುಗಳನ್ನು ಬರೆದಿಡುವ ಒಂದು ಪುಸ್ತಕವಿದ್ದರೆ ಇನ್ನೂ ಒಳ್ಳೆಯದು: ಯಾರದ್ದು, ಎಲ್ಲಿ, ಎಷ್ಟು ಎತ್ತರ, ಕೋಡಿ ಎಷ್ಟು ಅಗಲ, ಮಳೆಗಾಲದಲ್ಲಿ ಯಾರಿಗೆ ಫೋನು ಮಾಡಬೇಕು. ಇದಕ್ಕೆ ಹೊಸ ಕಾಯ್ದೆ ಬೇಡ, ಒಬ್ಬ ಪಿಡಿಒ ಮನಸ್ಸು ಮಾಡಿದರೆ ಸಾಕು. ಎತ್ತರ ಒಂದೂವರೆ ಮೀಟರ್ ದಾಟಿದರೆ ಸಣ್ಣ ನೀರಾವರಿ ಇಲಾಖೆಯ ಎಂಜಿನಿಯರೊಬ್ಬರು ಬಂದು ನೋಡಲಿ. ಅನುಮತಿಯ ಹೆಸರಿನಲ್ಲಿ ಲಂಚದ ಇನ್ನೊಂದು ಕಿಟಕಿ ತೆರೆದಂತಾಗುತ್ತದೆ ಎಂಬ ಭಯ ನನಗೂ ಇದೆ. ಅದಕ್ಕೇ ಅನುಮತಿ ಎನ್ನಲಿಲ್ಲ, ಬರೆದಿಡುವುದು ಎಂದೆ.

ಇನ್ನು ಆ ಫೋನು ಎತ್ತುವವರು ಯಾರು? ಜುಲೈ ತಿಂಗಳ ರಾತ್ರಿ ಎರಡು ಗಂಟೆಗೆ ಮಳೆ ಹಿಡಿದಾಗ ಯಜಮಾನರು ಬೆಂಗಳೂರಿನ ಹೋಟೆಲಿನಲ್ಲಿರುತ್ತಾರೆ. ಕೋಡಿಗೆ ಬಂದು ಬಿದ್ದ ಬಿದಿರಿನ ಕಸ ತೆಗೆಯಲು ಇನ್ಯಾರೋ ಕೊಪ್ಪೆ ಹಾಕಿಕೊಂಡು ಹೋಗಬೇಕು. ಆ ಇನ್ಯಾರೋ ಊರಲ್ಲಿರಬೇಕು, ಅವರಿಗೆ ಜೂನ್‌ನಿಂದ ಅಕ್ಟೋಬರ್‌ವರೆಗೆ ತಿಂಗಳ ಸಂಬಳ ಹೋಗಬೇಕು, ಅವರ ಹೆಸರು ಪಂಚಾಯತಿಯ ಪುಸ್ತಕದಲ್ಲಿರಬೇಕು. ಜೆಸಿಬಿಗೆ ಕೊಡುವ ಬಾಡಿಗೆ ಒಂದೇ ಸಲ, ಈ ಸಂಬಳ ಪ್ರತಿ ವರ್ಷ. ಹತ್ತು ವರ್ಷಕ್ಕೆ ಎರಡನ್ನೂ ಕೂಡಿಸಿ ನೋಡಿದರೆ ಕೊಳದ ನಿಜವಾದ ಬೆಲೆ ತಿಳಿಯುತ್ತದೆ. ಅಷ್ಟಾದ ಮೇಲೂ ಬೇಕೆನಿಸಿದವರು ಕೆಲಸವನ್ನು ಮೇ ತಿಂಗಳಿಗೆ ಇಟ್ಟುಕೊಳ್ಳಬಾರದು. ಜನವರಿಯಲ್ಲಿ ಶುರು ಮಾಡಿ ಮಾರ್ಚ್ ಒಳಗೆ ಒಡ್ಡು ಮುಗಿಸಿದರೆ ಮಣ್ಣು ಕೂರಲು ಸಮಯ ಸಿಗುತ್ತದೆ, ಲಾವಂಚಕ್ಕೆ ಎರಡು ತಿಂಗಳು ನೀರು ಹೊತ್ತರೆ ಮಳೆ ಹಿಡಿಯುವ ಹೊತ್ತಿಗೆ ಬೇರು ಇಳಿದಿರುತ್ತದೆ.